ಗಣಿತಕ್ಕೆ ಭಾಷೆ ಇಲ್ಲ ಅಂದವರು ಯಾರು?

"ಗಣಿತಕ್ಕೆ ಎಂತ ಭಾಷೆ? ಅಂಕಿ ಎಲ್ಲಾ ಕಡೆ ಒಂದೇ ಅಲ್ವಾ? ವಿಜ್ಞಾನದ ಸೂತ್ರ ಹೇಗೂ ಇಂಗ್ಲಿಷ್ ಅಕ್ಷರದಲ್ಲೇ ಇರುವುದು. ಯಾರು ಕಲಿಸಿದರೇನು?"

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರನ್ನು ತಂದು ನಿಲ್ಲಿಸಿದಾಗಲೆಲ್ಲ ಕಚೇರಿಯ ಮೇಜಿನ ಆಚೆಯಿಂದ ಬರುವ ಮಾತು ಇದು. ಕಾಸರಗೋಡಿನಲ್ಲಿ ಮಲಯಾಳದಲ್ಲಿ ಹೇಳ್ತಾರೆ, ಜತ್ತದಲ್ಲಿ ಮರಾಠಿಯಲ್ಲಿ, ತಾಳವಾಡಿಯಲ್ಲಿ ತಮಿಳಿನಲ್ಲಿ. ಅವರು ಹೇಳುವುದರಲ್ಲಿ ಆಶ್ಚರ್ಯ ಇಲ್ಲ. ಈಗ ನಮ್ಮವರೇ ಕೆಲವರು ಪಿಟಿಎ ಸಭೆಯಲ್ಲಿ ಎದ್ದು ನಿಂತು "ಸಮಾಜ ಪಾಠಕ್ಕೆ ಕನ್ನಡದವರು ಬೇಕು ಸರಿ, ಗಣಿತಕ್ಕೆ ಹೇಗೂ ನಡೀತದೆ" ಅನ್ನಲು ಶುರು ಮಾಡಿದ್ದಾರೆ. ಅದಕ್ಕೇ ಇಷ್ಟುದ್ದ ಬರೆಯಬೇಕಾಗಿದೆ.

ಅಂಕಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳಿ. ಬರೆದರೆ 90 ಎಲ್ಲಾ ಕಡೆ 90, ಹೌದು. ಆದರೆ ತರಗತಿಯಲ್ಲಿ ಮಾಸ್ಟ್ರು ಅಂಕಿ ಬರೆದು ಬಾಯಿಮುಚ್ಚಿ ನಿಲ್ಲುವುದಿಲ್ಲ, ಹೇಳುತ್ತಾರೆ. ನಮ್ಮ ಮಗುವಿಗೆ ಅದು ತೊಂಬತ್ತು. ಮಲಯಾಳದಲ್ಲಿ ತೊಣ್ಣೂರ್. ಅದರೊಳಗೆ ನೂರು ಕೇಳಿಸುತ್ತದೆ. 900 ತೊಳ್ಳಾಯಿರಂ. ಅದರೊಳಗೆ ಆಯಿರಂ ಕೇಳಿಸುತ್ತದೆ, ಅಂದರೆ ಸಾವಿರ. ತಮಿಳಿನಲ್ಲೂ ಇದೇ ಕತೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಅಷ್ಟಿಷ್ಟು ಕೇಳಿ ನೂರು, ಆಯಿರಂ ಕಲಿತಿರುವ ಮೂರನೇ ತರಗತಿಯ ಮಗು ಇಲ್ಲಿ ಎಡವದೆ ಇನ್ನೆಲ್ಲಿ ಎಡವಬೇಕು? ಜತ್ತ, ಅಕ್ಕಲಕೋಟೆ ಕಡೆ ಇನ್ನೊಂದು ಬಗೆ. 29 ನಮಗೆ ಇಪ್ಪತ್ತರ ಮೇಲೆ ಒಂಬತ್ತು. ಮರಾಠಿಯಲ್ಲಿ ಅದು ಏಕೋಣತೀಸ್, ಮೂವತ್ತಕ್ಕೆ ಒಂದು ಕಮ್ಮಿ. 45 ಪಂಚೇಚಾಳೀಸ್, ಐದು ಮೊದಲು, ನಲವತ್ತು ಆಮೇಲೆ. ಬಾಯಿಲೆಕ್ಕ ಕೇಳಿದಾಗ ನಮ್ಮ ಹುಡುಗ ಮೊದಲು ಅಂಕಿಯನ್ನು ತಿರುಗಿಸಿಕೊಳ್ಳಬೇಕು, ಆಮೇಲೆ ಲೆಕ್ಕ ಮಾಡಬೇಕು. ಅಷ್ಟರಲ್ಲಿ ಪಕ್ಕದವನು ಉತ್ತರ ಹೇಳಿಯಾಗಿರುತ್ತದೆ. ಇವನು ದಡ್ಡ ಅಂತ ತೀರ್ಮಾನವೂ ಆಗಿರುತ್ತದೆ.

ವಿಜ್ಞಾನಕ್ಕೆ ಬನ್ನಿ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಮಲಯಾಳದಲ್ಲಿ ಸ್ಪೀಡಿಗೇ ವೇಗ ಅನ್ನುತ್ತಾರೆ, ವೆಲಾಸಿಟಿಗೆ ಪ್ರವೇಗ. ಪದ ಒಂದೇ, ಅರ್ಥ ಬೇರೆ. ಮಕ್ಕಳಿಗೆ ಇಡೀ ಚಲನೆಯ ಪಾಠದಲ್ಲಿ ಅರ್ಥ ಆಗಬೇಕಾದದ್ದೇ ಆ ಎರಡರ ವ್ಯತ್ಯಾಸ, ದಿಕ್ಕು ಇದೆಯೋ ಇಲ್ಲವೋ ಅನ್ನುವುದು. ಆಕ್ಸಿಲರೇಷನ್ ನಮಗೆ ವೇಗೋತ್ಕರ್ಷ. ಮಲಯಾಳ, ಮರಾಠಿ, ತೆಲುಗು ಮೂರರಲ್ಲೂ ತ್ವರಣ. ತ್ವರೆ ಅಂದರೆ ಅವಸರ ಅಂತ ಗೊತ್ತಿರುವ ನಮ್ಮ ಮಕ್ಕಳು ಅದನ್ನು ಏನೆಂದು ಅರ್ಥ ಮಾಡಿಕೊಳ್ಳಬೇಕು?

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಅಣು. ಕನ್ನಡದಲ್ಲಿ ಆಟಂ ಅಂದರೆ ಪರಮಾಣು, ಮಾಲಿಕ್ಯೂಲ್ ಅಂದರೆ ಅಣು. ಮರಾಠಿಯಲ್ಲಿ ಅಣು ಅಂದರೆ ಆಟಂ, ಮಾಲಿಕ್ಯೂಲಿಗೆ ರೇಣು. ತಮಿಳಿನಲ್ಲೂ ಅಣು ಅಂದರೆ ಆಟಂ. (ನಮ್ಮ ಪತ್ರಿಕೆಯವರು ಅಣುಬಾಂಬ್ ಅಂತ ಬರೆಯುತ್ತಾರೆ, ಅದು ಬೇರೆ ಜಗಳ.) ಹಾಗಾದರೆ "ನೀರಿನ ಒಂದು ಅಣುವಿನಲ್ಲಿ ಏನೇನಿದೆ?" ಎಂಬ ಪ್ರಶ್ನೆಗೆ ಕನ್ನಡ ಪುಸ್ತಕ ಓದಿದ ಹುಡುಗಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಅಂತ ಸರಿಯಾಗೇ ಹೇಳುತ್ತಾಳೆ. ಮರಾಠಿಯಲ್ಲೋ ತಮಿಳಿನಲ್ಲೋ ಓದಿ ಬಂದ ಟೀಚರಿಗೆ ಆ ಪ್ರಶ್ನೆಯೇ ತಪ್ಪಾಗಿ ಕಾಣುತ್ತದೆ. ಇಬ್ಬರಿಗೂ ರಸಾಯನಶಾಸ್ತ್ರ ಗೊತ್ತುಂಟು. ಇಬ್ಬರೂ ಸರಿ. ಆದರೂ ಪಾಠ ನಡೆಯುವುದಿಲ್ಲ.

ಪದಗಳನ್ನು ಪಟ್ಟಿ ಮಾಡಿ ಕೊಟ್ಟರೆ ಮುಗಿಯಿತಲ್ಲ ಅಂತ ಯಾರಾದರೂ ಕೇಳಬಹುದು. ಮುಗಿಯುವುದಿಲ್ಲ. ಗಣಿತದ ಮಾಸ್ಟ್ರ ನಿಜವಾದ ಕೆಲಸ ಸರಿ ಉತ್ತರ ಹೇಳುವುದಕ್ಕಿಂತ ತಪ್ಪು ಉತ್ತರ ಕೇಳುವುದರಲ್ಲಿದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮಗು ಐದನೇ ಎರಡು ಅಂತ ಬರೆಯುತ್ತದೆ. ಕನ್ನಡ ಬಲ್ಲ ಮಾಸ್ಟ್ರು "ಹೇಗೆ ಮಾಡಿದೆ ಮಗಾ?" ಅಂತ ಕೇಳುತ್ತಾರೆ. "ಮೇಲಿನದ್ದು ಮೇಲಿನದ್ದಕ್ಕೆ ಕೂಡಿಸಿದೆ, ಕೆಳಗಿನದ್ದು ಕೆಳಗಿನದ್ದಕ್ಕೆ" ಅನ್ನುತ್ತದೆ ಮಗು. "ಅಲ್ಲ ಮಾರಾಯ, ಅರ್ಧ ದೋಸೆ ತಿಂದೆ, ಆಮೇಲೆ ಇನ್ನೊಂದಿಷ್ಟು ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಕಮ್ಮಿ ಆಗ್ತದಾ?" ಇಷ್ಟು ಸಾಕು. ಮಗು ತಾನೇ ನಕ್ಕು ಉತ್ತರ ಅಳಿಸುತ್ತದೆ. ಭಾಷೆ ಬಾರದವರ ತರಗತಿಯಲ್ಲಿ ಈ ನಾಲ್ಕು ಮಾತು ಹುಟ್ಟುವುದೇ ಇಲ್ಲ. ಬೋರ್ಡಿನಲ್ಲಿ ಸರಿ ಉತ್ತರ ಬರುತ್ತದೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ನೋಟ್ಸ್ ಚೊಕ್ಕ ಇರುತ್ತದೆ, ಕೆಂಪು ಶಾಯಿಯ ರೈಟ್ ಗುರುತೂ ಇರುತ್ತದೆ. ತಪಾಸಣೆಗೆ ಬಂದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಒಂದು ಮಾತು ಸ್ಪಷ್ಟ ಇರಲಿ. ನಮ್ಮ ಜಗಳ ಆ ಟೀಚರ್ ಜೊತೆ ಅಲ್ಲ. ದಕ್ಷಿಣ ಕೇರಳದ ಯಾವುದೋ ಊರಿಂದ ಮೊದಲ ಕೆಲಸಕ್ಕೆ ಬಂದ ಹೆಣ್ಣುಮಗಳು, ಗೇಟಿನ ಹತ್ತಿರ ಘೋಷಣೆ ಕೂಗುವ ಪೋಷಕರನ್ನು ನೋಡಿ ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಂಡದ್ದು ನಮಗೆ ಗೊತ್ತುಂಟು. ಅವರನ್ನು ಅಲ್ಲಿ ತಂದು ನಿಲ್ಲಿಸಿದವರು ಬೇರೆ. ಗಲಾಟೆ ಜಾಸ್ತಿಯಾದಾಗ ಇಲಾಖೆಗಳು ತೋರಿಸುವ ದಾರಿ ಒಂದೇ, ಮೈಸೂರಿಗೆ ಕಳಿಸಿ ಕನ್ನಡ ಕಲಿಸುವುದು. ಅಲ್ಲಿಯ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಶಿಕ್ಷಕರಿಗೆ 10 ತಿಂಗಳ ಭಾಷಾ ಕೋರ್ಸ್ ಇದೆ. ಒಳ್ಳೆಯ ಕೋರ್ಸೇ. ಬೇರೆ ಭಾಷೆ ಕಲಿಯುವವರ ಬಗ್ಗೆ ನಮಗೆ ಗೌರವವೇ. ಆದರೆ ಅಕ್ಷರದಿಂದ ಶುರು ಮಾಡಿದವರು 10 ತಿಂಗಳಲ್ಲಿ ಹತ್ತನೇ ತರಗತಿಗೆ ತ್ರಿಕೋನಮಿತಿ ವಿವರಿಸುವ ಮಟ್ಟಕ್ಕೆ ಬರುತ್ತಾರಾ? ಆ 10 ತಿಂಗಳು ಅಂದರೆ ಮಕ್ಕಳಿಗೆ ಒಂದು ಪೂರ್ತಿ ವರ್ಷ. ಆ ವರ್ಷ ತರಗತಿಯಲ್ಲಿ ಯಾರಿದ್ದರು?

ಹಾಗಾದರೆ ಕನ್ನಡ ಬಲ್ಲ ಗಣಿತ ಮಾಸ್ಟ್ರು ಯಾಕೆ ಸಿಗುವುದಿಲ್ಲ? "ಅಭ್ಯರ್ಥಿಗಳೇ ಇಲ್ಲ" ಅನ್ನುವುದು ಸರಕಾರದ ಉತ್ತರ. ಅರ್ಧ ನಿಜ. ಯಾಕಿಲ್ಲ ಅನ್ನುವುದನ್ನು ಅವರು ಹೇಳುವುದಿಲ್ಲ, ನಾವು ಹೇಳುತ್ತೇವೆ. ಎಂಟನೇ ತರಗತಿಯಲ್ಲಿ ಗಣಿತಕ್ಕೆ ಸರಿಯಾದ ಮಾಸ್ಟ್ರಿಲ್ಲ. ಮಗು ಗಣಿತ ಅಂದರೆ ಹೆದರುತ್ತದೆ. ಹತ್ತನೆಯದು ಹೇಗೋ ಪಾಸಾಗುತ್ತದೆ. ಪ್ಲಸ್ ವನ್‌ನಲ್ಲಿ ಪುಸ್ತಕ ಇಂಗ್ಲಿಷ್, ವಿವರಣೆ ಮಲಯಾಳ, ಕೈಯಲ್ಲಿರುವುದು ಕನ್ನಡ. ಸಯನ್ಸ್ ಬೇಡ ಅಂತ ಕಾಮರ್ಸಿಗೋ ಹ್ಯುಮಾನಿಟೀಸಿಗೋ ಹೋಗುತ್ತದೆ. ಬಿಎಸ್ಸಿ ಗಣಿತಕ್ಕೆ ಬರುವ ಕನ್ನಡ ಮಾಧ್ಯಮದ ಮಕ್ಕಳು ಬೆರಳೆಣಿಕೆ. ಅವರಲ್ಲಿ ಬಿಎಡ್ ಮಾಡುವವರು ಇನ್ನೂ ಕಮ್ಮಿ. ಹತ್ತು ವರ್ಷ ಕಳೆದ ಮೇಲೆ ಅದೇ ಎಂಟನೇ ತರಗತಿಗೆ ಮಾಸ್ಟ್ರು ಬೇಕು ಅಂತ ಕೇಳಿದರೆ ಅಭ್ಯರ್ಥಿ ಇಲ್ಲ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ. ಈ ಸುತ್ತನ್ನು ನಡುವೆ ಎಲ್ಲಾದರೂ ಕತ್ತರಿಸದೆ ಎಷ್ಟು ಧರಣಿ ಕೂತರೂ ಪ್ರತಿ ಜೂನ್‌ನಲ್ಲಿ ಅದೇ ಗೇಟು, ಅದೇ ಘೋಷಣೆ.

ಅಭ್ಯರ್ಥಿ ಇದ್ದರೂ ಸಿಗದ ಹಾಗೆ ಮಾಡುವ ವ್ಯವಸ್ಥೆಯೂ ಉಂಟು. ಕೇರಳದಲ್ಲಿ ಹುದ್ದೆ ಖಾಲಿ ಆದರೆ ಮೊದಲು ಇಲಾಖೆ ಅದನ್ನು ಪಿಎಸ್ಸಿಗೆ ವರದಿ ಮಾಡಬೇಕು. ವರದಿ ಮಾಡದಿದ್ದರೆ ಅದು ಕಾಗದದಲ್ಲಿ ಖಾಲಿಯೇ ಅಲ್ಲ. ವರದಿ ಆಯಿತು ಅನ್ನಿ, ಮೀಸಲಾತಿಯ ಸರದಿಯಲ್ಲಿ ಆ ಹುದ್ದೆ ಯಾವ ಸಮುದಾಯಕ್ಕೆ ಬರುತ್ತದೋ ಅದರಲ್ಲಿ ಕನ್ನಡ ಮಾಧ್ಯಮದ ಗಣಿತ ಬಿಎಡ್ ಮಾಡಿದವರು ಇಲ್ಲದಿದ್ದರೆ ಎನ್‌ಸಿಎ, ಅಂದರೆ ನೋ ಕ್ಯಾಂಡಿಡೇಟ್ ಅವೈಲಬಲ್. ಮತ್ತೆ ಆ ಸಮುದಾಯಕ್ಕೆ ಮಾತ್ರ ಅರ್ಜಿ ಕರೆಯುತ್ತಾರೆ. ಮೀಸಲಾತಿ ಬೇಡ ಅಂತ ನಾವು ಹೇಳುತ್ತಿಲ್ಲ, ಅದು ನಮ್ಮ ಮಕ್ಕಳ ಹಕ್ಕು ಕೂಡ. ಆದರೆ ಸಣ್ಣ ಭಾಷಾ ಗುಂಪಿನಲ್ಲಿ ಈ ಸುತ್ತು ಮುಗಿಯಲು ವರ್ಷಗಳು ಬೇಕು ಅಂತ ಗೊತ್ತಿದ್ದ ಮೇಲೆ, ಆ ವರ್ಷಗಳಿಗೆ ಕನ್ನಡ ಬಲ್ಲ ತಾತ್ಕಾಲಿಕ ಶಿಕ್ಷಕರನ್ನು ಇಡೀ ವರ್ಷದ ಸಂಬಳ ಕೊಟ್ಟು ಇಟ್ಟುಕೊಳ್ಳಲು ಏನು ಕಷ್ಟ? ಈಗ ಇರುವುದು ದಿನಗೂಲಿ. ಜೂನ್‌ನಲ್ಲಿ ಸಂದರ್ಶನ, ಮಾರ್ಚಿನಲ್ಲಿ ಮನೆಗೆ. ಬೇಸಗೆಯಲ್ಲಿ ಊಟಕ್ಕೆ ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಇನ್ನು ಆರನೇ ಕೆಲಸದ ದಿನದ ತಲೆಲೆಕ್ಕ. ಶಾಲೆ ಶುರುವಾಗಿ ಆರನೇ ದಿನಕ್ಕೆ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಆ ವರ್ಷದ ಹುದ್ದೆ. "ಗಣಿತಕ್ಕೆ ಮಾಸ್ಟ್ರಿಲ್ಲವಂತೆ" ಅಂತ ಸುದ್ದಿಯಾದ ಶಾಲೆಗೆ ಅಪ್ಪ ಅಮ್ಮ ಮಕ್ಕಳನ್ನು ಕಳಿಸುವುದಿಲ್ಲ, ಇಂಗ್ಲಿಷ್ ಮೀಡಿಯಂನ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಮಕ್ಕಳು ಕಮ್ಮಿ ಆದರೆ ಡಿವಿಷನ್ ಫಾಲ್. ಡಿವಿಷನ್ ಹೋದರೆ ಹುದ್ದೆಯೂ ಹೋಯಿತು. ಹೀಗೆ ಕನ್ನಡ ಶಾಲೆ ಮುಚ್ಚಲು ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಗಣಿತದ ಒಂದು ಕುರ್ಚಿ ನಾಲ್ಕು ವರ್ಷ ಖಾಲಿ ಇಟ್ಟರೆ ಸಾಕು.

ಕಾಸರಗೋಡಿನ ಕತೆ ಉದ್ದವಾಯಿತು, ಬೇರೆ ಕಡೆಯೂ ಬೇರು ಇದೇ. ತಾಳವಾಡಿಗೆ ಸತ್ಯಮಂಗಲದಿಂದ ಬರಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಬೇಕು. ಕೆಳಗಿನ ಊರಿನಿಂದ ನೇಮಕವಾಗಿ ಬಂದ ಹೊಸ ಶಿಕ್ಷಕರು ಮೊದಲ ವರ್ಗಾವಣೆ ಕೌನ್ಸೆಲಿಂಗಿಗೇ ಕಾಯುತ್ತಾರೆ, ಅವರನ್ನು ಬೈದು ಪ್ರಯೋಜನ ಇಲ್ಲ. ಮಹಾರಾಷ್ಟ್ರದಲ್ಲಿ ಹೊಸಬರು ಮೊದಲ ಮೂರು ವರ್ಷ ಶಿಕ್ಷಣ ಸೇವಕರು. 2023ರಲ್ಲಿ ಏರಿಸಿದ ಮೇಲೂ ಪ್ರಾಥಮಿಕಕ್ಕೆ ತಿಂಗಳಿಗೆ 16,000 ರೂಪಾಯಿ, ಮಾಧ್ಯಮಿಕಕ್ಕೆ 18,000. ಬಿಎಸ್ಸಿ ಬಿಎಡ್ ಮಾಡಿದ ಸೊಲ್ಲಾಪುರದ ಹುಡುಗನಿಗೆ ಪುಣೆಯ ಕೋಚಿಂಗ್ ಕ್ಲಾಸಿನವರು ಅದಕ್ಕಿಂತ ಹೆಚ್ಚು ಕೊಡುತ್ತಾರೆ ಅಂದರೆ ಅವನು ಯಾಕೆ ನಿಲ್ಲಬೇಕು? ಆಂಧ್ರದಲ್ಲಿ 2018ರ ಡಿಎಸ್ಸಿ ಆದ ಮೇಲೆ ಮುಂದಿನ ದೊಡ್ಡ ಡಿಎಸ್ಸಿ ನಡೆದದ್ದು 2025ರಲ್ಲಿ. ಮಡಕಶಿರಾ, ರಾಯದುರ್ಗದಲ್ಲಿ ಆ ಏಳು ವರ್ಷ ಕಾದು ವಯಸ್ಸು ಮೀರಿದವರನ್ನು ಕೇಳಿ ನೋಡಿ.

ಕಾನೂನು ನಮ್ಮ ಕಡೆ ಇಲ್ಲವಾ? ಉಂಟು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕು ಅನ್ನುತ್ತದೆ. "ಪ್ರಾಥಮಿಕಕ್ಕೆ ಮಾತ್ರ" ಅಂತ ಕೆಲವು ಅಧಿಕಾರಿಗಳು ನಮಗೇ ಪಾಠ ಮಾಡುತ್ತಾರೆ. ಸರಿ, 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆಯಿರಿ. ಆರರಿಂದ ಎಂಟನೇ ತರಗತಿವರೆಗೆ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬರು ಶಿಕ್ಷಕರು ಇರಲೇಬೇಕು ಅಂತ ಅದರ ಅನುಸೂಚಿಯಲ್ಲಿದೆ. ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಅಂತ 26ನೇ ಸೆಕ್ಷನ್ ಹೇಳುತ್ತದೆ. ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಕಲಿಸಬೇಕು ಅಂತ 29ನೇ ಸೆಕ್ಷನ್. ಈ "ಸಾಧ್ಯವಾದಷ್ಟು" ಎಂಬ ಒಂದು ಪದದ ಹಿಂದೆ ಎಲ್ಲರೂ ಅಡಗಿ ಕೂತಿದ್ದಾರೆ. ಸಾಧ್ಯ ಮಾಡಲು ಏನು ಮಾಡಿದಿರಿ ಅಂತ ಕೇಳುವವರು ಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಕನ್ನಡ ಮಾಧ್ಯಮದ ಗಣಿತ, ವಿಜ್ಞಾನದ ಹುದ್ದೆಗೆ ಬರುವವರು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿರಲಿ. ಸಂದರ್ಶನ ಇದ್ದಲ್ಲಿ ಕನ್ನಡ ಬಲ್ಲ ವಿಷಯ ತಜ್ಞರೊಬ್ಬರು ಕೂತಿರಲಿ, ಅಭ್ಯರ್ಥಿ ಅವರೆದುರು ಹತ್ತು ನಿಮಿಷ ಒಂದು ಪಾಠ ಮಾಡಿ ತೋರಿಸಲಿ. ಮಾತೃಭಾಷೆ ಮಲಯಾಳವೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ, ಮರಾಠಿಯೋ ನಮಗೆ ಬೇಡದ ವಿಷಯ. ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಕಲಿಸುವವರೆಲ್ಲ ನಮ್ಮ ಮಾಸ್ಟ್ರೇ.

ನೇಮಕ ಆದರೆ ಮುಗಿಯಿತು ಅಂತ ತಿಳಿದಿರುವ ನಮ್ಮ ಮುಖಂಡರಿಗೂ ಒಂದು ಮಾತು ಉಂಟು. ನೇಮಕದ ದಿನ ಹಾರ ಹಾಕಿ ಫೋಟೋ ತೆಗೆದು ಹೋಗುತ್ತೀರಿ. ಆಮೇಲೆ ಆ 24 ವರ್ಷದ ಹುಡುಗಿ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗೆ ಒಬ್ಬಳೇ ಗಣಿತ ಮಾಡುತ್ತಾಳೆ. ರಜೆಯ ತರಬೇತಿ ಬಹುಪಾಲು ರಾಜ್ಯ ಭಾಷೆಯಲ್ಲಿ. ಕನ್ನಡದ ಪಠ್ಯಪುಸ್ತಕವೇ ತಡವಾಗಿ ಬಂದರೆ ಅಧ್ಯಾಪಕರ ಕೈಪಿಡಿಯ ಮಾತು ಕೇಳುವುದೇ ಬೇಡ. ಪ್ರಶ್ನೆಪತ್ರಿಕೆಯ ಅನುವಾದದಲ್ಲಿ ತಪ್ಪಿದ್ದರೆ ಮಕ್ಕಳು ಅವಳನ್ನೇ ಕೇಳುತ್ತಾರೆ. ಅನುಮಾನ ಬಂದರೆ ಅವಳು ಯಾರನ್ನು ಕೇಳಬೇಕು? ನಮ್ಮ ಊರುಗಳಲ್ಲಿ ಮೂವತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ಟ್ರುಗಳು ಇದ್ದಾರೆ. ಅವರ ಕಪಾಟಿನಲ್ಲಿ ಹಳೇ ಟಿಪ್ಪಣಿ, ಪ್ರಶ್ನೆಪತ್ರಿಕೆ, ಕೈಯಾರೆ ಮಾಡಿದ ಮಾದರಿಗಳು ಗೆದ್ದಲಿಗೆ ಕಾಯುತ್ತಿವೆ. ಒಬ್ಬ ಹೊಸಬರಿಗೆ ಒಬ್ಬ ಹಳಬರು, ಶನಿವಾರ ಒಂದು ಗಂಟೆ ಫೋನಿನಲ್ಲಾದರೂ ಸಾಕು. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ. ಒಂದು ಬಾಡಿಗೆ ಮನೆ ಹುಡುಕಿ ಕೊಡುವುದಕ್ಕೂ ಬೇಡ.

ಕರ್ನಾಟಕದವರಿಗೂ ಹೇಳಬೇಕು. 2018ರಲ್ಲಿ "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು" ಸಿನಿಮಾದ ಮಲಯಾಳಿ ಮಾಸ್ತರರನ್ನು ನೋಡಿ ಬೆಂಗಳೂರಿನಲ್ಲಿ ಎಲ್ಲರೂ ನಕ್ಕರು, ಶಿಳ್ಳೆ ಹೊಡೆದರು. ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಒಳ್ಳೆಯದಾಯಿತು. ಆದರೆ ಗಡಿ ಉತ್ಸವಕ್ಕೆ, ಸಮುದಾಯ ಭವನಕ್ಕೆ ಬರುವ ದುಡ್ಡಿನಲ್ಲಿ ಒಂದು ಪಾಲು ಗಡಿನಾಡಿನ ಬಿಎಸ್ಸಿ ಬಿಎಡ್ ವಿದ್ಯಾರ್ಥಿಗಳ ಶುಲ್ಕಕ್ಕೆ ಹೋಗಲಿ. ಓದಿದ ಮೇಲೆ ಐದು ವರ್ಷ ಗಡಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ ಅಂತ ಬರೆಸಿಕೊಳ್ಳಿ, ನಮ್ಮ ಮಕ್ಕಳು ಬರೆದು ಕೊಡುತ್ತಾರೆ. ಭವನಕ್ಕೆ ಬಣ್ಣ ಬಳಿದು ನವೆಂಬರಿನಲ್ಲಿ ಒಂದು ದಿನ ಬಾಗಿಲು ತೆರೆಯುವುದಕ್ಕಿಂತ ಅದು ಮೇಲು. ಕರ್ನಾಟಕಕ್ಕೂ ಈ ಕಷ್ಟ ಗೊತ್ತಿಲ್ಲದ್ದಲ್ಲ, 2022ರಲ್ಲಿ 15,000 ಪದವೀಧರ ಶಿಕ್ಷಕ ಹುದ್ದೆಗೆ ಅರ್ಜಿ ಕರೆದು ಅಷ್ಟನ್ನೂ ತುಂಬಲು ಆಗದೆ ಹೋಯಿತಲ್ಲ.

ಈಗ ನಿಮಗೆ, ಹತ್ತು ಮುಗಿಸಿ ಏನು ತಗೊಳ್ಳುವುದು ಅಂತ ಯೋಚಿಸುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ. ಕನ್ನಡ ಮಾಧ್ಯಮದವರಿಗೆ ಸಯನ್ಸ್ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಆರು ತಿಂಗಳು ಇಂಗ್ಲಿಷ್ ಪದಗಳಿಂದ ತಲೆ ಕೆಡುತ್ತದೆ, ಅದು ನಿಜ. ಆಮೇಲೆ ಸರಿ ಹೋಗುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನ ಪದವಿ ಮತ್ತು ಬಿಎಡ್ ಸೇರಿ ನಾಲ್ಕೇ ವರ್ಷ, ಪ್ರವೇಶ ಪರೀಕ್ಷೆ ಬರೆಯಬೇಕು. ಕೇರಳ, ತಮಿಳುನಾಡು, ಆಂಧ್ರದವರಿಗೂ ಅಲ್ಲಿ ಅವಕಾಶ ಉಂಟು. ಕಾಸರಗೋಡಿನವರಿಗೆ ಒಂದು ಎಚ್ಚರಿಕೆ. ಮಂಗಳೂರು ಕಡೆ ಪದವಿ ಮಾಡಿದರೆ ಕೇರಳದ ವಿಶ್ವವಿದ್ಯಾಲಯದಿಂದ ಇಕ್ವಿವಲೆನ್ಸಿ ಸರ್ಟಿಫಿಕೇಟ್ ಬೇಕಾಗುತ್ತದೆ. ಪಿಎಸ್ಸಿ ಅರ್ಜಿ ಕರೆದ ಮೇಲೆ ಅದಕ್ಕೆ ಓಡಬೇಡಿ, ಮಾರ್ಕ್ಸ್ ಕಾರ್ಡ್ ಕೈಗೆ ಬಂದ ವಾರವೇ ಹಾಕಿ. ಕೆ-ಟೆಟ್ ಕೂಡ ಬಿಎಡ್ ಮುಗಿದ ಕೂಡಲೇ ಬರೆದುಬಿಡಿ. ಹೈಸ್ಕೂಲಿಗೆ ಮೂರನೇ ಕೆಟಗರಿ. ಪಿಎಸ್ಸಿಯಲ್ಲಿ ಒಮ್ಮೆ ನೋಂದಾಯಿಸಿದರೆ ಸಾಲದು, ಪ್ರತಿ ಹುದ್ದೆಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಎನ್‌ಸಿಎ ಅಧಿಸೂಚನೆ ಬಂದಾಗ ಅದು ನಿಮ್ಮ ಸಮುದಾಯದ್ದಾ ಅಂತ ನೋಡಿ, ಅಲ್ಲದಿದ್ದರೆ ಆ ಸಮುದಾಯದ ಗೆಳೆಯರಿಗೆ ಫೋನು ಮಾಡಿ ಹೇಳಿ. ಎಷ್ಟೋ ಹುದ್ದೆ ಹೋಗಿರುವುದು ಅಧಿಸೂಚನೆ ಬಂದದ್ದೇ ಗೊತ್ತಾಗದೆ.

ಕಾಲೇಜಿನಲ್ಲಿರುವವರು ಈ ತಿಂಗಳು ಇನ್ನೊಂದು ಕೆಲಸ ಮಾಡಬಹುದು. ನೀವು ಓದಿದ ಶಾಲೆಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕೇರಳದಲ್ಲಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕನ್ನಡ ವಿಭಾಗದಲ್ಲಿ ಗಣಿತ, ಭೌತವಿಜ್ಞಾನ, ಜೀವವಿಜ್ಞಾನಕ್ಕೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ತಾರೀಕಿನಿಂದ ಖಾಲಿ, ಪಿಎಸ್ಸಿಗೆ ವರದಿ ಮಾಡಿದ ತಾರೀಕು ಯಾವುದು, ಈಗ ಆ ತರಗತಿಗೆ ಪಾಠ ಮಾಡುವವರು ಹತ್ತನೇ ತರಗತಿವರೆಗೆ ಯಾವ ಮಾಧ್ಯಮದಲ್ಲಿ ಓದಿದವರು. ಇಷ್ಟು ಕೇಳಿ. ವರದಿ ಮಾಡಿದ ತಾರೀಕನ್ನು ಮರೆಯದೆ ಕೇಳಿ, ಉಳಿದದ್ದಕ್ಕೆ ಬಾಯಿಮಾತಲ್ಲಿ ಉತ್ತರ ಸಿಗುತ್ತದೆ, ಅದಕ್ಕೆ ಸಿಗುವುದಿಲ್ಲ. ಉತ್ತರದ ಪ್ರತಿ ನಮಗೂ ಕಳಿಸಿ. ತಾಲೂಕುವಾರು ಪಟ್ಟಿ ಮಾಡುತ್ತಿದ್ದೇವೆ, ಮಂಜೇಶ್ವರದಿಂದ ಶುರು.